ಕರೆಂಟಿಲ್ಲದ ತೋಟಕ್ಕೊಂದು ಕಂಪ್ಯೂಟರ್: ಹಳೆಯ ಥಿಂಕ್‌ಪ್ಯಾಡನ್ನು ಓಡಾಟಕ್ಕೆ ಸಜ್ಜು ಮಾಡಿದ ಬಗೆ

ಓಡಾಟಕ್ಕೆ ಅಗ್ಗದ ಕಂಪ್ಯೂಟರ್ ಹುಡುಕುವವರು ಮೊದಲು ಪ್ರೊಸೆಸರ್ ಕೇಳುತ್ತಾರೆ, ಆಮೇಲೆ ರ‍್ಯಾಮ್, ಆಮೇಲೆ ಬೆಲೆ. ಕೊಡಗಿನಲ್ಲಿ ಓಡಾಡುವವರು ಮೊದಲು ಕೇಳಬೇಕಾದ್ದು ಬೇರೆ: ಇದಕ್ಕೆ ಕರೆಂಟು ಎಲ್ಲೆಲ್ಲಿಂದ ಕೊಡಬಹುದು? ಬ್ಯಾಟರಿ ಸತ್ತರೆ ನಾನೇ ಬದಲಿಸಬಹುದೇ? ಈ ಎರಡಕ್ಕೆ ಸರಿಯಾದ ಉತ್ತರವಿದ್ದರೆ ಉಳಿದದ್ದೆಲ್ಲ ಸ್ವಲ್ಪ ಹೆಚ್ಚುಕಮ್ಮಿಯಾದರೂ ಕೆಲಸ ನಡೆಯುತ್ತದೆ. ಇಲ್ಲದಿದ್ದರೆ ಎಷ್ಟು ಹೊಸ ಯಂತ್ರವಾದರೂ ಕಕ್ಕಡದ (ಕೊಡವರ ಆಷಾಢ ಮಾಸದ) ಮಳೆಯಲ್ಲಿ ಅದು ಚೀಲದಲ್ಲಿ ಹೊತ್ತು ತಿರುಗುವ ಭಾರ ಮಾತ್ರ.

ನನ್ನ ಕೆಲಸ ಸಣ್ಣ ಕಾಫಿ ಬೆಳೆಗಾರರ ತೋಟದ ಲೆಕ್ಕ ಬರೆಯುವುದು. ಸುಂಟಿಕೊಪ್ಪದಿಂದ ಹೊರಟರೆ ಒಂದು ವಾರ ಸಿದ್ದಾಪುರದ ಕಡೆ, ಇನ್ನೊಂದು ವಾರ ಚೇರಂಬಾಣೆ, ಭಾಗಮಂಡಲದ ಕಡೆ, ಕೊಯ್ಲಿನ ಹೊತ್ತಿಗೆ ಗೋಣಿಕೊಪ್ಪ ದಾಟಿ ಕುಟ್ಟದವರೆಗೂ. ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ನೋಡಿ ಬಟವಾಡೆ ಲೆಕ್ಕ ಹಾಕಬೇಕು, ಕಣದಿಂದ ಎಷ್ಟು ಚೀಲ ಚೆರಿ (ಒಣಗಿದ ಕಾಫಿ ಹಣ್ಣು) ಹೋಯಿತು, ಔಟ್‌ಟರ್ನ್ (ಅದರಿಂದ ಸಿಕ್ಕ ಬೀಜದ ಪ್ರಮಾಣ) ಎಷ್ಟು ಬಂತು ಎಂದು ದಾಖಲಿಸಬೇಕು, ಪಹಣಿಯ ಪಿಡಿಎಫ್ ಇಳಿಸಿಕೊಡಬೇಕು, ಬ್ಯಾಂಕಿಗೋ ಕಾಫಿ ಮಂಡಳಿಗೋ ಕನ್ನಡದಲ್ಲಿ ಅರ್ಜಿ ಬರೆಯಬೇಕು. ಸ್ಪ್ರೆಡ್‌ಶೀಟ್, ಬ್ರೌಸರ್, ಪತ್ರ, ಮೇಲ್ ಇಷ್ಟೇ. ಇದಕ್ಕೆ ಬಲಶಾಲಿ ಕಂಪ್ಯೂಟರ್ ಬೇಕಿಲ್ಲ. ಆದರೆ ವಿದ್ಯುತ್ ತಂತಿಗಳು ತೋಟದ ನೆರಳಿನ ಮರಗಳ ನಡುವೆಯೇ ಹಾದುಹೋಗುವ ಊರುಗಳಿವು. ಮಳೆಗಾಲದಲ್ಲಿ ಒಂದು ಸಿಲ್ವರ್ ಓಕ್ ಬಿದ್ದರೆ ಸಾಕು, ಕರೆಂಟು ಅಂದೇ ಬರಬಹುದು, ನಾಲ್ಕು ದಿನ ಬಿಟ್ಟೂ ಬರಬಹುದು. ಬಟವಾಡೆ ಮಾತ್ರ ಆ ವಾರವೇ ಆಗಬೇಕು. ಲೈನ್ ಮನೆಯ ಕಾರ್ಮಿಕರ ಸಂತೆಯ ಖರ್ಚು ಅದನ್ನೇ ಕಾಯುತ್ತಿರುತ್ತದೆ.

ಬಿಟ್ಟುಬಿಟ್ಟ ಯಂತ್ರಗಳು

ಫೋನಿಗೆ ಬ್ಲೂಟೂತ್ ಕೀಲಿಮಣೆ ಜೋಡಿಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ಪತ್ರ ಬರೆಯಲು ಅದು ನಿಜಕ್ಕೂ ಚೆನ್ನಾಗಿದೆ, ಬರೆಯುವುದೊಂದೇ ಕೆಲಸವಿರುವವರಿಗೆ ಅದನ್ನೇ ಹೇಳುತ್ತೇನೆ. ಕಳೆದ ತಿಂಗಳ ಹಾಳೆಯನ್ನೂ ಈ ತಿಂಗಳ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಾದಾಗ ಆರಿಂಚಿನ ಪರದೆ ಸಾಲದು.

ಸಿಂಗಲ್ ಬೋರ್ಡ್ ಕಂಪ್ಯೂಟರುಗಳ ಪೈಕಿ ರಾಸ್ಪ್‌ಬೆರಿ ಪೈ 400 ನನಗೆ ತುಂಬ ಇಷ್ಟದ್ದು. 2020ರಲ್ಲಿ ಬಂದ ಅದು ಕೀಲಿಮಣೆಯೊಳಗೇ ಇಡೀ ಕಂಪ್ಯೂಟರ್ ಇಟ್ಟ ಯಂತ್ರ, ಯುಎಸ್‌ಬಿ ಟೈಪ್‌-ಸಿ ಮೂಲಕ 5 ವೋಲ್ಟ್ ಕೊಟ್ಟರೆ ಸಾಕು. ಆದರೆ ಪರದೆ ಬೇರೆ ಒಯ್ಯಬೇಕು, ಪರದೆಗೂ ಕರೆಂಟು ಬೇಕು. ಎರಡು ಬಸ್ಸು ಬದಲಿಸಿ ಹೋಗುವವರಿಗೆ ಆಗದ ಮಾತು. 2007ರ ಆಸುಸ್ ಈ-ಪಿಸಿಯಿಂದ ಶುರುವಾದ ನೆಟ್‌ಬುಕ್ ಸಂತತಿಯ ಯಂತ್ರಗಳು ಈಗಲೂ ಎರಡು ಮೂರು ಸಾವಿರಕ್ಕೆ ಸಿಗುತ್ತವೆ. ಅವುಗಳಲ್ಲಿ ಹಲವು 32 ಬಿಟ್ ಆಟಮ್ ಪ್ರೊಸೆಸರಿನವು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಅನುಸ್ಥಾಪನೆಯ ಡಿಸ್ಕೇ ಇಲ್ಲ. ಇಂದಿನ ಬ್ಯಾಂಕ್ ಜಾಲತಾಣಗಳು ಒಂದೆರಡು ಜಿಬಿ ರ‍್ಯಾಮಿನಲ್ಲಿ ತೆರೆಯುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ.

ಕ್ರೋಮ್‌ಬುಕ್ ಬಗ್ಗೆ ಒಳ್ಳೆಯ ಮಾತೇ ಹೇಳಬೇಕು. ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಈಚಿನವು ಟೈಪ್‌-ಸಿಯಲ್ಲೇ ಚಾರ್ಜ್ ಆಗುತ್ತವೆ. ಹಳೆಯದನ್ನು ಕೊಳ್ಳುವವರು ಆ ಮಾದರಿಗೆ ಯಾವ ತಿಂಗಳವರೆಗೆ ಅಪ್‌ಡೇಟ್ ಇದೆ ಎಂದು ಮೊದಲೇ ನೋಡಬೇಕು, ಪ್ರತಿ ಮಾದರಿಗೂ ಕೊನೆಯ ತಾರೀಕು ನಿಗದಿಯಾಗಿರುತ್ತದೆ. ಕಡಿಮೆ ನೆಟ್‌ವರ್ಕಿನ ತೋಟದಲ್ಲಿ ಲೆಕ್ಕವನ್ನೆಲ್ಲ ಯಂತ್ರದೊಳಗೇ ಇಟ್ಟುಕೊಳ್ಳುವ ನನ್ನ ಪದ್ಧತಿಗೆ ಅದು ಹೊಂದಲಿಲ್ಲ.

ಉಳಿದದ್ದು ಅಂಗಡಿಯಲ್ಲಿ ಎದ್ದು ಕಾಣುವ ಹೊಸ ಅಗ್ಗದ ಲ್ಯಾಪ್‌ಟಾಪುಗಳು. ಸೆಲೆರಾನ್ ಎನ್4020 ಥರದ ಎರಡು ಕೋರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಕಡತಗಳನ್ನಿಡುವ ಅಗ್ಗದ ಸಂಗ್ರಹದ ಚಿಪ್). ಹಗುರ, ಫ್ಯಾನಿಲ್ಲ, ಸದ್ದಿಲ್ಲ. ಪ್ರೊಸೆಸರಿನ ಬಗ್ಗೆ ನನಗೆ ದೂರಿಲ್ಲ, ನನ್ನ ಕೆಲಸಕ್ಕೆ ಅದು ಸಾಕು. ತೊಂದರೆ ಏನೆಂದರೆ ಈ ವರ್ಗದಲ್ಲಿ ಬಹುಪಾಲಿಗೆ ರ‍್ಯಾಮನ್ನೂ ಇಎಂಎಂಸಿ ಸಂಗ್ರಹವನ್ನೂ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸಂಗ್ರಹದ ಚಿಪ್ ಸವೆದರೆ ಬೋರ್ಡೇ ಹೋದಂತೆ. ಬ್ಯಾಟರಿಯೂ ಒಳಗೆ ಅಂಟಿಕೊಂಡಿರುತ್ತದೆ, ಅದಕ್ಕೆ ಸರಿಹೊಂದುವ ಬದಲಿ ಬ್ಯಾಟರಿ ಕುಶಾಲನಗರದಲ್ಲಾಗಲಿ ಮಡಿಕೇರಿಯಲ್ಲಾಗಲಿ ಸುಲಭಕ್ಕೆ ಸಿಗುವುದಿಲ್ಲ.

ಇಲ್ಲಿ ಒಂದು ಲೆಕ್ಕ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಇಲ್ಲೇ ಎಡವುತ್ತಾರೆ. ಎನ್4020ರ ಟಿಡಿಪಿ 6 ವ್ಯಾಟ್, ಹಳೆಯ ಲ್ಯಾಪ್‌ಟಾಪುಗಳ ಐ5 ಯು ಸರಣಿಯದ್ದು 15 ವ್ಯಾಟ್. ಹಾಗಾದರೆ ಐ5 ಎರಡೂವರೆ ಪಟ್ಟು ಕರೆಂಟು ಕುಡಿಯುತ್ತದೆಯೇ? ಇಲ್ಲ. ಟಿಡಿಪಿ ಎಂಬುದು ಪ್ರೊಸೆಸರ್ ಬಿಡುವಿಲ್ಲದೆ ದುಡಿಯುವಾಗ ಹೊರಹಾಕಬೇಕಾದ ಶಾಖದ ಅಳತೆ. ಸ್ಪ್ರೆಡ್‌ಶೀಟ್ ತೆರೆದಿಟ್ಟು ಅಂಕಿ ಟೈಪ್ ಮಾಡುವಾಗ ಎರಡೂ ಬಹುಪಾಲು ಹೊತ್ತು ನಿದ್ದೆಯಲ್ಲೇ ಇರುತ್ತವೆ, ಒಂದು ಕೀಲಿ ಒತ್ತಿದಾಗ ಎದ್ದು ಮತ್ತೆ ಮಲಗುತ್ತವೆ. ಆಗ ಖರ್ಚಿನ ದೊಡ್ಡ ಪಾಲು ಪರದೆಯ ಹಿಂಬೆಳಕಿನದ್ದು, ಆಮೇಲೆ ವೈಫೈಯದ್ದು. ಆದ್ದರಿಂದ ಕಡಿಮೆ ಕರೆಂಟಿನ ಕಂಪ್ಯೂಟರ್ ಬೇಕೆಂದರೆ ಪ್ರೊಸೆಸರಿನ ಹೆಸರಿಗಿಂತ ಪರದೆಯ ಅಳತೆ, ಬ್ಯಾಟರಿಯ ವ್ಯಾಟ್‌-ಅವರ್ (ಅದು ಹಿಡಿದಿಡುವ ಶಕ್ತಿಯ ಅಳತೆ), ನಿದ್ದೆಗೆ ಜಾರಲು ಬಿಡುವ ತಂತ್ರಾಂಶ ಈ ಮೂರು ಮುಖ್ಯ.

ಈ ವಿಚಾರ ನಮ್ಮವರಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯವರ ಜೊತೆ ಸೇರಿ ಸುಮಾರು 2001ರಲ್ಲಿ ಸಿಂಪ್ಯೂಟರ್ ರೂಪಿಸಿದಾಗ ಲಿನಕ್ಸ್ ನಡೆಸುವ ಆ ಅಂಗೈ ಯಂತ್ರಕ್ಕೆ ಮೂರು ಎಎಎ ಸೆಲ್ಲುಗಳು ಸಾಕೆಂದು ಯೋಚಿಸಿದ್ದರು. ಹಳ್ಳಿಯ ಗೂಡಂಗಡಿಯಲ್ಲಿ ಏನು ಸಿಗುತ್ತದೋ ಅದರಿಂದ ಯಂತ್ರ ನಡೆಯಬೇಕು ಎಂಬ ಆ ಯೋಚನೆಯ ಮೇಲೆ ನನಗೆ ಇವತ್ತಿಗೂ ಗೌರವ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಯೋಚನೆ ಮಾತ್ರ ನಿಲ್ಲಬೇಕಾದ್ದು.

ಆರಿಸಿದ್ದು

ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್250. 2015ರ ಯಂತ್ರ, 12.5 ಇಂಚಿನ ಪರದೆ, ಒಂದೂ ಕಾಲು, ಒಂದೂವರೆ ಕಿಲೋ ನಡುವಿನ ತೂಕ, ಐ5-5300ಯು ಪ್ರೊಸೆಸರ್. ಇದನ್ನೇ ಆರಿಸಲು ದೊಡ್ಡ ಕಾರಣ ಇದರಲ್ಲಿರುವ ಎರಡು ಬ್ಯಾಟರಿ. ಒಂದು ಒಳಗೆ, ಸುಮಾರು 23 ವ್ಯಾಟ್‌-ಅವರಿನದ್ದು. ಇನ್ನೊಂದು ಹಿಂಬದಿಯಲ್ಲಿ, ಎರಡು ಚಿಲಕ ಸರಿಸಿದರೆ ಕೈಗೆ ಬರುವಂಥದ್ದು. ಯಂತ್ರ ಓಡುತ್ತಿರುವಾಗಲೇ ಹಿಂಬದಿಯದನ್ನು ತೆಗೆದು ಬೇರೆಯದನ್ನು ಹಾಕಬಹುದು, ಆ ಹೊತ್ತಿಗೆ ಒಳಗಿನದು ಹಿಡಿದು ನಿಲ್ಲಿಸುತ್ತದೆ. ಅದೇ ಹಿಂಬದಿ ಬ್ಯಾಟರಿ ಎಕ್ಸ್240, ಎಕ್ಸ್260ಕ್ಕೂ ಹೊಂದುವುದರಿಂದ ಬದಲಿ ಇನ್ನೂ ಧಾರಾಳವಾಗಿ ಸಿಗುತ್ತದೆ. ಎಕ್ಸ್270ರಲ್ಲಿ ಟೈಪ್‌-ಸಿ ಚಾರ್ಜಿಂಗ್ ನೇರವಾಗಿಯೇ ಇದೆ, ಬೆಲೆ ಕೈಗೆಟುಕಿದರೆ ಅದನ್ನೇ ಕೊಳ್ಳಿ. ಎಕ್ಸ್240 ಬೇಡ ಎನ್ನುತ್ತೇನೆ. ಅದರಲ್ಲಿ ಟ್ರ್ಯಾಕ್‌ಪಾಯಿಂಟಿನ (ಕೀಲಿಮಣೆಯ ನಡುವೆ ಇದ್ದು ಮೌಸಿನ ಕೆಲಸ ಮಾಡುವ ಕೆಂಪು ಗುಬುಟಿನ) ಗುಂಡಿಗಳನ್ನು ಪ್ರತ್ಯೇಕವಾಗಿ ಕೊಟ್ಟಿಲ್ಲ, ಎಕ್ಸ್250ರಲ್ಲಿ ಮತ್ತೆ ಕೊಟ್ಟರು. ಅಲುಗಾಡುವ ಜೀಪಿನಲ್ಲಿ ಟಚ್‌ಪ್ಯಾಡಿಗಿಂತ ಆ ಕೆಂಪು ಗುಬುಟೇ ವಾಸಿ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡೆ. ಕಂಪನಿಗಳು ಬಿಟ್ಟ ಯಂತ್ರಗಳು ಅಲ್ಲಿ ಸಾಲುಸಾಲಾಗಿರುತ್ತವೆ. ಅಂಗಡಿಯ ಹುಡುಗ ನೇರವಾಗಿ ಹೇಳಿದ: “ಅಕ್ಕಾ, ಇದಕ್ಕೆ ವಿಂಡೋಸ್ 11 ಬರಲ್ಲ, ಅದಕ್ಕೇ ಈ ರೇಟು.” ನಿಜವೇ. ವಿಂಡೋಸ್ 11ಕ್ಕೆ ಇಂಟೆಲ್‌ನದ್ದಾದರೆ ಎಂಟನೆಯ ತಲೆಮಾರಿನ ಪ್ರೊಸೆಸರಾದರೂ ಬೇಕು, ಇದು ಐದನೆಯದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಿಂದಾಗಿ ಗಟ್ಟಿಮುಟ್ಟಾದ ಯಂತ್ರಗಳು ಅಗ್ಗಕ್ಕೆ ಬರುತ್ತಿವೆ. ಲಿನಕ್ಸ್ ಹಾಕಿಕೊಳ್ಳುವವರಿಗೆ ಇದು ಒಳ್ಳೆಯ ಕಾಲ.

ಹಳೆಯದನ್ನು ಕೊಳ್ಳುವಾಗ ಪೆನ್‌ಡ್ರೈವಿನಲ್ಲಿ ಲೈವ್ ಲಿನಕ್ಸ್ (ಅನುಸ್ಥಾಪಿಸದೆಯೇ ನಡೆಯುವ ಲಿನಕ್ಸ್) ಒಯ್ಯಿರಿ, ಅಂಗಡಿಯಲ್ಲೇ ಅದರಿಂದ ಬೂಟ್ ಮಾಡಿ. ಮೊದಲು ಬಯಾಸ್ (ಯಂತ್ರ ಶುರುವಾಗುವಾಗಿನ ಮೂಲ ಹೊಂದಾಣಿಕೆಗಳ ಪುಟ) ಒಳಹೊಕ್ಕು ಸೂಪರ್‌ವೈಸರ್ ಪಾಸ್‌ವರ್ಡ್ ಇದೆಯೇ ನೋಡಿ. ಇದ್ದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ, ಥಿಂಕ್‌ಪ್ಯಾಡಿನಲ್ಲಿ ಸೆಲ್ ತೆಗೆದಿಟ್ಟ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಪರದೆಯನ್ನು ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ನೋಡಿ. ಬಣ್ಣ ತಿರುಗುಮುರುಗಾದರೆ ಟಿಎನ್ ಫಲಕ, ಆಗದಿದ್ದರೆ ಐಪಿಎಸ್. ಜಗಲಿಯಲ್ಲಿ ಇಬ್ಬರು ಮೂವರು ಕೂತು ಒಂದೇ ಲೆಕ್ಕ ನೋಡುವವರಿಗೆ ಐಪಿಎಸ್ ಬೇಕೇ ಬೇಕು. ಎಲ್ಲ ಕೀಲಿಗಳನ್ನೂ ಒತ್ತಿ, ಚಾರ್ಜರ್ ಪಿನ್ನನ್ನು ಮೆಲ್ಲಗೆ ಅಲುಗಿಸಿ ಚಾರ್ಜಿಂಗ್ ದೀಪ ಆರುತ್ತದೆಯೇ ನೋಡಿ. ಲೈವ್ ಲಿನಕ್ಸಿನಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ ಮತ್ತು ಈಗಿನ ಸಾಮರ್ಥ್ಯ ಎರಡೂ ಕಾಣುತ್ತವೆ. ನನ್ನದರಲ್ಲಿ ಒಳಗಿನದು 23ರಲ್ಲಿ 13 ವ್ಯಾಟ್‌-ಅವರ್ ಉಳಿದಿತ್ತು, ಹಿಂಬದಿಯದು ಹೆಸರಿಗಷ್ಟೇ. ಅದನ್ನೇ ತೋರಿಸಿ ಬೆಲೆ ಇಳಿಸಿಕೊಂಡೆ. ಎರಡೂ ಬ್ಯಾಟರಿ, ಎಸ್‌ಎಸ್‌ಡಿ, ರ‍್ಯಾಮ್, ಕೇಬಲ್ ಎಲ್ಲ ಸೇರಿಸಿ 20 ಸಾವಿರದೊಳಗೆ ಮುಗಿಯಿತು.

ಬಿಚ್ಚಿದ್ದು

ಬಿಚ್ಚುವ ಮೊದಲು ಒಂದು ಹೆಜ್ಜೆ ತಪ್ಪಿಸಬಾರದು. ಬಯಾಸಿನಲ್ಲಿ ಪವರ್ ವಿಭಾಗಕ್ಕೆ ಹೋಗಿ ಒಳಗಿನ ಬ್ಯಾಟರಿಯನ್ನು ನಿಷ್ಕ್ರಿಯಗೊಳಿಸುವ ಆಯ್ಕೆ ಒತ್ತಬೇಕು. ಹಿಂಬದಿ ಬ್ಯಾಟರಿ ತೆಗೆದ ಮೇಲೂ ಒಳಗಿನದು ಬೋರ್ಡಿಗೆ ಕರೆಂಟು ಕೊಡುತ್ತಲೇ ಇರುತ್ತದೆ, ಸ್ಕ್ರೂಡ್ರೈವರ್ ಜಾರಿದರೆ ಬೋರ್ಡ್ ಸುಡಬಹುದು. ಆ ಆಯ್ಕೆ ಒತ್ತಿದರೆ ಮತ್ತೆ ಚಾರ್ಜರ್ ಚುಚ್ಚುವವರೆಗೂ ಬ್ಯಾಟರಿ ಸುಮ್ಮನಿರುತ್ತದೆ.

ತಳದ ಸ್ಕ್ರೂಗಳು ಸಡಿಲಾದರೂ ಮುಚ್ಚಳದಿಂದ ಕಳಚಿ ಬೀಳುವುದಿಲ್ಲ. ಇಂಥ ಸಣ್ಣ ಜಾಣತನಕ್ಕೇ ನನಗೆ ಈ ಯಂತ್ರಗಳೆಂದರೆ ಅಕ್ಕರೆ. ಸುತ್ತಲಿನ ಪ್ಲಾಸ್ಟಿಕ್ ಕೊಂಡಿಗಳನ್ನು ಹಳೆಯ ಎಟಿಎಂ ಕಾರ್ಡಿನಿಂದ ಒಂದೊಂದಾಗಿ ಬಿಡಿಸಿದೆ, ಲೋಹದ ಮೊನೆ ತಾಗಿಸಲಿಲ್ಲ.

ಫ್ಯಾನಿನ ಹತ್ತಿರ ಶಾಖ ಹೊರಹೋಗುವ ರೆಕ್ಕೆಗಳ ನಡುವೆ ದೂಳು ಕಂಬಳಿ ಕಟ್ಟಿತ್ತು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದು ಮೆತ್ತನೆಯ ಬ್ರಷ್ಷಿನಿಂದ ತೆಗೆದೆ. ತಡೆಯದೆ ಗಾಳಿ ಊದಿದರೆ ಫ್ಯಾನು ಮಿತಿಮೀರಿ ತಿರುಗಿ ಅದರ ಬೇರಿಂಗ್ ಕೆಡುತ್ತದೆ. ಪ್ರೊಸೆಸರಿನ ಮೇಲಿನ ಹಳೆಯ ಪೇಸ್ಟ್ ಒಣಗಿ ಪುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹೊಸದನ್ನು ಹಚ್ಚಿದೆ. ಕಾಫಿ ಒಣಗಿಸುವ ಕಾಲದಲ್ಲಿ ಕಣದ ಪಕ್ಕ, ಹಲ್ಲಿಂಗ್ (ಕಾಫಿಯ ಹೊಟ್ಟು ಬಿಡಿಸುವ ಕೆಲಸ) ನಡೆಯುವ ಜಾಗದಲ್ಲಿ ಕೂತು ಕೆಲಸ ಮಾಡುವವರು ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಲೇಬೇಕು. ಆ ಹೊಟ್ಟಿನ ದೂಳು ಹಗುರ, ಎಲ್ಲೆಂದರಲ್ಲಿ ನುಗ್ಗುತ್ತದೆ.

ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿಯ 2.5 ಇಂಚಿನ ಎಸ್‌ಎಸ್‌ಡಿ ಕೂರಿಸಿದೆ. ದಪ್ಪ 7 ಮಿಲಿಮೀಟರ್ ಇರಬೇಕು. ಜೀಪಿನ ಕುಲುಕಾಟಕ್ಕೆ ತಿರುಗುವ ಡಿಸ್ಕ್ ಸಲ್ಲದು, ಖರ್ಚಿನಲ್ಲೂ ಎಸ್‌ಎಸ್‌ಡಿಯೇ ಮೇಲು. ರ‍್ಯಾಮಿಗೆ ಒಂದೇ ಗೂಡು. 4 ಜಿಬಿ ತೆಗೆದು 8 ಜಿಬಿ ಹಾಕಿದೆ. ಕೊಳ್ಳುವಾಗ ಡಿಡಿಆರ್3ಎಲ್ ಎಂದೇ ಕೇಳಿ. ಕೊನೆಯ ‘ಎಲ್’ ಇಲ್ಲದ್ದು 1.5 ವೋಲ್ಟಿನದು, ಈ ಯಂತ್ರಕ್ಕೆ 1.35 ವೋಲ್ಟಿನದೇ ಬೇಕು.

ಒಳಗಿನ ಬ್ಯಾಟರಿ ಅಂಗೈ ಊರುವ ಭಾಗದ ಕೆಳಗಿದೆ. ಅಂಟಿಲ್ಲ, ಸ್ಕ್ರೂ ಬಿಚ್ಚಿ ಕನೆಕ್ಟರ್ ತೆಗೆದರೆ ಮುಗಿಯಿತು. ಹೊಸ ಒಳಬ್ಯಾಟರಿ, ಹಿಂಬದಿಗೆ ಆರು ಸೆಲ್ಲಿನ 48 ವ್ಯಾಟ್‌-ಅವರಿನದು. ಎರಡೂ ಸೇರಿ ಲೇಬಲ್ಲಿನ ಪ್ರಕಾರ 71. ಆರು ಸೆಲ್ಲಿನದು ಕೆಳಗೆ ಉಬ್ಬಿಕೊಂಡಿರುವುದರಿಂದ ಯಂತ್ರದ ಹಿಂಭಾಗ ತುಸು ಎತ್ತರಿಸಿ ನಿಲ್ಲುತ್ತದೆ, ಟೈಪಿಸಲು ನನಗೆ ಅದೇ ಹಿತ. ಮೂಲ ಕಂಪನಿಯದಲ್ಲದ ಬ್ಯಾಟರಿ ಕೊಂಡರೆ ಹಾಕಿದ ದಿನವೇ ಪೂರ್ತಿ ತುಂಬಿಸಿ, ಎಷ್ಟು ವ್ಯಾಟ್‌-ಅವರ್ ತೋರಿಸುತ್ತದೆ ನೋಡಿ. ಲೇಬಲ್ಲಿಗಿಂತ ತೀರ ಕಡಿಮೆಯಿದ್ದರೆ ಬದಲಿಸಿಕೊಳ್ಳುವ ಅವಧಿಯೊಳಗೇ ಹಿಂದಿರುಗಿಸಬಹುದು. ತೆಗೆದ ಹಳೆಯ ಬ್ಯಾಟರಿಗಳನ್ನು ತಿಪ್ಪೆಗೆ ಎಸೆಯಬೇಡಿ, ಲಿಥಿಯಂ ಸೆಲ್ ಜಜ್ಜಿದರೆ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಕೊಂಡ ಅಂಗಡಿಯಲ್ಲೇ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ.

ತಂತ್ರಾಂಶ

ಡೆಬಿಯನ್ 13, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಜಾಹೀರಾತು ತಡೆಯುವ ಆಡ್‌ಆನ್. ಜಾಹೀರಾತು ತಡೆದರೆ ನೆಟ್‌ವರ್ಕಿನ ಉಳಿತಾಯದ ಜೊತೆಗೆ ಪ್ರೊಸೆಸರ್ ಏಳುವುದೂ ಕಡಿಮೆಯಾಗುತ್ತದೆ. ಅನುಸ್ಥಾಪನೆ ಮಾಡುವಾಗಲೇ ಇಡೀ ಡಿಸ್ಕಿಗೆ ಎನ್‌ಕ್ರಿಪ್ಶನ್ ಹಾಕಿದೆ. ಈ ಯಂತ್ರದಲ್ಲಿ ಕಾರ್ಮಿಕರ ಬ್ಯಾಂಕ್ ಖಾತೆಯ ಸಂಖ್ಯೆಗಳಿವೆ, ಬಸ್ಸಿನಲ್ಲಿ ಚೀಲ ಕಳೆದುಹೋದರೆ ಯಂತ್ರ ಹೋಗಲಿ, ಅವು ಇನ್ನೊಬ್ಬರ ಕೈಗೆ ಸಿಗಬಾರದು. ಬೇರೆಯವರ ಲೆಕ್ಕ ಹೊತ್ತು ತಿರುಗುವ ಯಾರೂ ಇದನ್ನು ಬಿಡಬಾರದು.

ಕನ್ನಡ ಟೈಪಿಂಗಿಗೆ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿ ಕೆಜಿಪಿ ವಿನ್ಯಾಸ ಆರಿಸಿಕೊಂಡೆ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ ಅದು, ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಅಕ್ಷರಶೈಲಿಗೆ ನೋಟೊ, ಲೋಹಿತ್ ಜೊತೆಗೆ ಗುಬ್ಬಿ, ನವಿಲು ಕೂಡ ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಹಳೆಯ ತೋಟಗಳ ಕಡತಗಳದ್ದೇ ತಲೆನೋವು. ನುಡಿಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ರೂಪ ಕೂರಿಸಿದ) ಫಾಂಟಿನಲ್ಲಿ ಬರೆದಿಟ್ಟ ಪತ್ರಗಳು ಹೊಸ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವನ್ನು ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು, ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು. ಜಮ್ಮಾ ಬಾಣೆಯ (ಕೊಡಗಿನ ಒಂದು ಬಗೆಯ ವಂಶಪಾರಂಪರ್ಯ ಭೂಮಿಯ) ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಕಚೇರಿಗೆ ಎಷ್ಟು ಸಲ ಅಲೆಯಬೇಕೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಕರೆಂಟಿನ ಉಳಿತಾಯಕ್ಕೆ ಟಿಎಲ್‌ಪಿ ಎಂಬ ತಂತ್ರಾಂಶ ಹಾಕಿದೆ. ಹಾಕಿಬಿಟ್ಟರೆ ಬಹುಪಾಲು ಕೆಲಸ ಅದೇ ನೋಡಿಕೊಳ್ಳುತ್ತದೆ. ಒಂದನ್ನು ಮಾತ್ರ ಕೈಯಾರೆ ಹೊಂದಿಸಬೇಕು. ಮನೆಯಲ್ಲಿದ್ದಾಗ ಎರಡೂ ಬ್ಯಾಟರಿ 80 ಶೇಕಡಕ್ಕೆ ನಿಲ್ಲುವಂತೆ ಮಿತಿ ಹಾಕಿದೆ, ಲಿಥಿಯಂ ಸೆಲ್ಲನ್ನು ಸದಾ ತುಂಬಿಸಿಟ್ಟರೆ ಬೇಗ ಮುದಿಯಾಗುತ್ತದೆ. ಹೊರಡುವ ಹಿಂದಿನ ರಾತ್ರಿ ಟಿಎಲ್‌ಪಿಯ ಪೂರ್ಣ ಚಾರ್ಜ್ ಆಜ್ಞೆ ಕೊಟ್ಟು ನೂರಕ್ಕೆ ಏರಿಸುತ್ತೇನೆ.

ಪವರ್‌ಟಾಪ್ ಎಂಬ, ಕರೆಂಟಿನ ಖರ್ಚು ತೋರಿಸುವ ತಂತ್ರಾಂಶ ಇಟ್ಟು ಅಳೆದಾಗ ಕಂಡದ್ದು: ಬೆಳಕು ಕನಿಷ್ಠ, ವೈಫೈ ಬಂದ್, ಲೆಕ್ಕದ ಹಾಳೆ ತೆರೆದಿದ್ದಾಗ 4.5 ವ್ಯಾಟಿನ ಆಸುಪಾಸು. ಬೆಳಕು ಅರ್ಧ, ವೈಫೈ ಚಾಲೂ ಇದ್ದರೆ 6ರ ಹತ್ತಿರ. ವಿಡಿಯೊ ಹಾಕಿದರೆ 10 ದಾಟುತ್ತದೆ. ಆರರ ಲೆಕ್ಕದಲ್ಲಿ 71 ವ್ಯಾಟ್‌-ಅವರ್ ಎಂದರೆ ಹನ್ನೆರಡು ಗಂಟೆಯ ಹತ್ತಿರವಾಗುತ್ತದೆ ಕಾಗದದ ಮೇಲೆ, ನಾನು ಒಂಬತ್ತನ್ನೇ ನೆಚ್ಚುತ್ತೇನೆ. ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡುವಾಗ ಯುಎಸ್‌ಬಿ ತಂತಿ ಬಳಸಿದರೆ ಫೋನು ಲ್ಯಾಪ್‌ಟಾಪಿನಿಂದ ಚಾರ್ಜ್ ಎಳೆದುಕೊಳ್ಳುತ್ತದೆ. ಕೆಲವು ವ್ಯಾಟ್ ಅಲ್ಲೇ ಹೋಗುತ್ತದೆ, ಆರು ವ್ಯಾಟಿನ ಯಂತ್ರಕ್ಕೆ ಅದು ದೊಡ್ಡ ಸೋರಿಕೆ. ಕರೆಂಟಿಲ್ಲದ ಕಡೆ ವೈಫೈ ಹಾಟ್‌ಸ್ಪಾಟೇ ಸರಿ, ಅದೂ ಕೆಲಸವಿದ್ದಷ್ಟು ಹೊತ್ತು ಮಾತ್ರ.

ಇಂಟರ್ನೆಟ್ ಇಲ್ಲದೆಯೂ ಫೋನಿಗೂ ಲ್ಯಾಪ್‌ಟಾಪಿಗೂ ಕಡತ ಸಾಗಿಸಲು ಸಿಂಕ್‌ತಿಂಗ್ ಇದೆ. ಎರಡೂ ಒಂದೇ ಹಾಟ್‌ಸ್ಪಾಟಿನಲ್ಲಿದ್ದರೆ ಸಾಕು. ಚೆಕ್‌ರೋಲಿನ ಫೋಟೊ ಫೋನಿನಲ್ಲಿ ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ಲ್ಯಾಪ್‌ಟಾಪಿನಲ್ಲಿರುತ್ತದೆ. ಸಂಜೆಯ ಬ್ಯಾಕಪ್ ಕೂಡ ಹೀಗೆಯೇ ಫೋನಿಗೆ ಹೋಗುತ್ತದೆ.

ಕರೆಂಟು ಒಳಗೆ ಬರುವ ದಾರಿಗಳು

ಎಕ್ಸ್250ರ ಚಾರ್ಜರ್ 20 ವೋಲ್ಟಿನದು, ಆಯತಾಕಾರದ ಚಪ್ಪಟೆ ಪಿನ್ನು. ನಡುವಿನ ಸಣ್ಣ ಸಂಪರ್ಕದಲ್ಲಿ ಒಂದು ರೆಸಿಸ್ಟರಿನ ಅಳತೆ ನೋಡಿ ಚಾರ್ಜರ್ ಎಷ್ಟು ವ್ಯಾಟಿನದೆಂದು ಯಂತ್ರ ಗುರುತಿಸುತ್ತದೆ. ಒಂದು ತುದಿ ಟೈಪ್‌-ಸಿ, ಇನ್ನೊಂದು ತುದಿ ಈ ಚಪ್ಪಟೆ ಪಿನ್ನಿರುವ ಕೇಬಲ್‌ಗಳು ಸಿಗುತ್ತವೆ. ಕೇಬಲ್ಲಿನೊಳಗಿನ ಸಣ್ಣ ಚಿಪ್ ಪವರ್ ಡೆಲಿವರಿ (ಯಂತ್ರ ಕೇಳಿದ ವೋಲ್ಟ್ ಕೊಡುವ ಟೈಪ್‌-ಸಿ ಪದ್ಧತಿ) ಚಾರ್ಜರಿನಿಂದ 20 ವೋಲ್ಟ್ ಕೇಳಿ ಪಡೆಯುತ್ತದೆ, ರೆಸಿಸ್ಟರೂ ಅದರಲ್ಲೇ ಇರುತ್ತದೆ. ಈ ಒಂದು ಕೇಬಲ್ ಬಂದಮೇಲೆ ಫೋನಿನ ದೊಡ್ಡ ಚಾರ್ಜರ್, ಪವರ್‌ಬ್ಯಾಂಕ್, ಕಾರಿನ ಚಾರ್ಜರ್ ಎಲ್ಲವೂ ಲ್ಯಾಪ್‌ಟಾಪಿನ ಚಾರ್ಜರ್ ಆದವು.

ಕೊಳ್ಳುವಾಗ ಎಚ್ಚರ ಬೇಕಾದ್ದು ವ್ಯಾಟಿನಲ್ಲಲ್ಲ, ವೋಲ್ಟಿನಲ್ಲಿ. ಪವರ್ ಡೆಲಿವರಿ ನಿಯಮದಲ್ಲಿ 45 ವ್ಯಾಟಿಗಿಂತ ಮೇಲಿನ ಚಾರ್ಜರಿಗೆ ಮಾತ್ರ 20 ವೋಲ್ಟ್ ಕಡ್ಡಾಯ. ಸರಿಯಾಗಿ 45ರದ್ದು 15 ವೋಲ್ಟಿಗೇ ನಿಂತುಬಿಡಬಹುದು, ಆಗ ಈ ಕೇಬಲ್ಲಿಗೆ ಕೇಳಿದ್ದು ಸಿಗುವುದಿಲ್ಲ, ಯಂತ್ರ ಚಾರ್ಜ್ ಆಗುವುದಿಲ್ಲ. ಚಾರ್ಜರಿನ ಮೈಮೇಲಿನ ಸಣ್ಣಕ್ಷರದಲ್ಲಿ 20 ವೋಲ್ಟ್ ಎಂದು ಅಚ್ಚಾಗಿದೆಯೇ ನೋಡಿ. ನಾನು 65 ವ್ಯಾಟಿನದನ್ನು ಕೊಂಡೆ. ಪವರ್‌ಬ್ಯಾಂಕಿಗೂ ಇದೇ ಮಾತು. 20,000 ಎಂಎಎಚ್ ಎಂದರೆ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್‌-ಅವರ್, ವೋಲ್ಟ್ ಏರಿಸುವಾಗಿನ ನಷ್ಟ ಕಳೆದು 60ರಷ್ಟು ಕೈಗೆ ಬರುತ್ತದೆ. ಕಣ್ಣೂರಿನಿಂದ ವಿಮಾನ ಹತ್ತುವವರಿಗೂ ಇದು ಸರಿ, ವಿಮಾನದ ಕ್ಯಾಬಿನ್ನಿನಲ್ಲಿ ಸಾಮಾನ್ಯವಾಗಿ 100 ವ್ಯಾಟ್‌-ಅವರಿನವರೆಗೆ ಬಿಡುತ್ತಾರೆ.

ಜೀಪಿನ ಲೈಟರ್ ಸಾಕೆಟ್ಟಿಗೆ ಪವರ್ ಡೆಲಿವರಿ ಇರುವ ಕಾರ್ ಚಾರ್ಜರ್. ಮೂರ್ನಾಡಿನಿಂದ ಮೇಲಕ್ಕೆ ಹೋಗುವಷ್ಟರಲ್ಲಿ ಒಳ್ಳೆಯ ಪಾಲು ತುಂಬಿರುತ್ತದೆ.

ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಮನೆ ಇನ್ವರ್ಟರ್ ಬ್ಯಾಟರಿಯಿಂದ ನೇರ ತೆಗೆದ ದಾರಿ. ಇಲ್ಲಿ ಹೆಚ್ಚಿನ ತೋಟದ ಮನೆಗಳಲ್ಲಿ 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದ್ದೇ ಇರುತ್ತದೆ. ಲೆಕ್ಕಕ್ಕೆ 1800 ವ್ಯಾಟ್‌-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು ಎಂದಿಟ್ಟುಕೊಂಡರೂ 900. ಲ್ಯಾಪ್‌ಟಾಪ್ ಪೂರ್ತಿ ತುಂಬಲು ನಷ್ಟವೂ ಸೇರಿ 85ರಷ್ಟು ಸಾಕು. ಇನ್ವರ್ಟರ್ ಮೂಲಕ ತೆಗೆದರೆ 12 ವೋಲ್ಟ್ 230 ಆಗಿ ಮತ್ತೆ 20ಕ್ಕೆ ಇಳಿಯಬೇಕು, ಎರಡು ಕಡೆ ನಷ್ಟ. ಅದಲ್ಲದೆ ಇನ್ವರ್ಟರ್ ಚಾಲೂ ಇರುವುದಕ್ಕೇ ಒಂದಷ್ಟು ಕರೆಂಟು ಖರ್ಚಾಗುತ್ತದೆ, ಲ್ಯಾಪ್‌ಟಾಪಿಗಿಂತ ಅದೇ ಹೆಚ್ಚು ತಿನ್ನುವುದೂ ಉಂಟು. ಒಂದು ದಿನದ ಕತ್ತಲಲ್ಲಿ ಇದು ಲೆಕ್ಕಕ್ಕಿಲ್ಲ. ಮೂರನೆಯ ದಿನ, ಮನೆಯವರು ರಾತ್ರಿ ಒಂದು ಬಲ್ಬಿಗಾದರೂ ಇರಲಿ ಎಂದು ಇನ್ವರ್ಟರ್ ಆರಿಸಿಟ್ಟಾಗ, ಇದೇ ದೊಡ್ಡ ಲೆಕ್ಕ.

ಚೇರಂಬಾಣೆ ಕಡೆಯ ನಮ್ಮ ಮಾವನ ಮನೆಯಲ್ಲಿ ಜೋಡಿಸಿದ್ದು ಹೀಗೆ. ಬ್ಯಾಟರಿಯ ಪಾಸಿಟಿವ್ ತುದಿಗೆ ಅಂಟಿದಂತೆಯೇ 10 ಆಂಪಿಯರ್ ಫ್ಯೂಸ್, ಅಲ್ಲಿಂದ 2.5 ಚದರ ಮಿಲಿಮೀಟರಿನ ತಂತಿ, ಮುಚ್ಚಳವಿರುವ ಲೈಟರ್ ಸಾಕೆಟ್, ಅದಕ್ಕೆ ಅದೇ ಕಾರ್ ಚಾರ್ಜರ್. 45 ವ್ಯಾಟ್ ಎಳೆದರೆ 12 ವೋಲ್ಟಿನ ಕಡೆ ನಾಲ್ಕು ಆಂಪಿಯರ್ ಚಿಲ್ಲರೆ, ಫ್ಯೂಸಿಗೆ ಆರಾಮ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು. ತಂತಿಯ ಆ ಕೊನೆಯಲ್ಲಿ ಹಾಕಿದರೆ ನಡುವೆ ಎಲ್ಲಾದರೂ ತಂತಿ ಉಜ್ಜಿ ಶಾರ್ಟ್ ಆದಾಗ ತಡೆಯುವವರೇ ಇಲ್ಲ, 150 ಎಎಚ್ ಬ್ಯಾಟರಿ ತಂತಿಯನ್ನು ಕೆಂಪಗೆ ಕಾಯಿಸಿಬಿಡುತ್ತದೆ. ಎರಡು ಬ್ಯಾಟರಿ ಸರಣಿಯಲ್ಲಿರುವ 24 ವೋಲ್ಟಿನ ಮನೆಯಾದರೆ ಒಂದೇ ಬ್ಯಾಟರಿಯಿಂದ ತೆಗೆಯಬೇಡಿ, ಎರಡರ ಸಮತೋಲ ತಪ್ಪಿ ಒಂದು ಬೇಗ ಹಾಳಾಗುತ್ತದೆ. 24 ವೋಲ್ಟ್ ತಾಳುವ ಕಾರ್ ಚಾರ್ಜರನ್ನು ಎರಡಕ್ಕೂ ಸೇರಿಸಿ ಕೊಡಿ. ಕೈ ಪಳಗದವರು ಎಲೆಕ್ಟ್ರಿಷಿಯನ್ ಕರೆಸುವುದೇ ಒಳ್ಳೆಯದು. ಜೋಡಿಸಿದ ಮರುವಾರವೇ ಆ ಭಾಗದಲ್ಲಿ ಲೈನ್ ಮೇಲೆ ಮರ ಬಿತ್ತು. “ಕರೆಂಟು ಬರುವಾಗ ಬರ್ಲಿ, ನೀನು ಬಟವಾಡೆ ಮುಗ್ಸು” ಎಂದರು ಮಾವ. ಮುಗಿಯಿತು, ಆ ಸಂಜೆಯೇ.

ಮಡಚುವ ಸೋಲಾರ್ ಫಲಕ ಕೊಳ್ಳಲಿಲ್ಲ. ಕರೆಂಟು ಹೋಗುವುದು ಮಳೆಯಲ್ಲಿ, ಮಳೆಯಲ್ಲಿ ಬಿಸಿಲಿಲ್ಲ. ಬೇಸಿಗೆಯಲ್ಲಿ ಬಯಲುಸೀಮೆ ಸುತ್ತುವವರಿಗೆ ಅದು ಬೇರೆ ಮಾತು.

ತೇವ

ಮಳೆಹನಿಗಿಂತ ಗಾಳಿಯ ತೇವವೇ ಇಲ್ಲಿ ಹೆಚ್ಚು ಕಾಟ ಕೊಡುವುದು. ಚರ್ಮದ ಚಪ್ಪಲಿಗೆ ಬೂಸು ಬರುವ ಊರಿನಲ್ಲಿ ತಾಮ್ರದ ಸಂಪರ್ಕಗಳು ಹಸಿರಾಗಲು ಬಹಳ ದಿನ ಬೇಕಿಲ್ಲ. ಯಂತ್ರವನ್ನು ಬಾಯಿ ಸುತ್ತಿ ಮುಚ್ಚುವ ರಬ್ಬರು ಬಟ್ಟೆಯ ಒಣ ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ನೀಲಿ ಹರಳಿನ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದನ್ನು ಕೊಳ್ಳಿ, ತೇವ ಹೀರಿದಾಗ ಹಸಿರು ಬಣ್ಣಕ್ಕೆ ತಿರುಗುತ್ತದೆ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಮೊದಲಿನಂತಾಗುತ್ತದೆ.

ಮಂಜಿನಲ್ಲಿ ಜೀಪಿನಲ್ಲಿ ತಣ್ಣಗಾದ ಯಂತ್ರವನ್ನು ಒಲೆ ಉರಿಯುತ್ತಿರುವ ಬೆಚ್ಚನೆಯ ಅಡುಗೆಮನೆಗೆ ತಂದ ಕೂಡಲೇ ತೆರೆಯಬಾರದು. ತಣ್ಣನೆಯ ಲೋಹದ ಮೇಲೆ ಅಲ್ಲಿನ ತೇವ ಹನಿಗಟ್ಟುತ್ತದೆ, ಬೋರ್ಡಿನ ಮೇಲೂ. ಚೀಲ ಮುಚ್ಚಿಟ್ಟೇ ಅರ್ಧ ಗಂಟೆ ಬಿಟ್ಟರೆ ಹನಿಯೆಲ್ಲ ಚೀಲದ ಹೊರಗೇ ಕಟ್ಟಿ ಆರುತ್ತದೆ. ಅಷ್ಟರಲ್ಲಿ ಬೆಲ್ಲದ ಕಾಫಿಯೂ ಬಂದಿರುತ್ತದೆ. ಮನೆಯಲ್ಲಿ ವಾರಗಟ್ಟಲೆ ಬಳಸದೆ ಇಡಬೇಕಾದರೆ ಪೂರ್ತಿ ಮುಚ್ಚಿಡುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಒಂದು ಗಂಟೆ ಓಡಿಸುವುದು ಒಳ್ಳೆಯದು, ಅದರ ಸ್ವಂತ ಶಾಖವೇ ತೇವವನ್ನು ಹೊರಗಟ್ಟುತ್ತದೆ.

ಇನ್ನು ಬಾಕಿಯಿರುವುದು ಎರಡು ಕೆಲಸ. ಹಿಂಬದಿಗೆ ಇನ್ನೊಂದು ಆರು ಸೆಲ್ಲಿನ ಬ್ಯಾಟರಿ ಬೇಕು. ಅದಿದ್ದರೆ ಕುಟ್ಟದ ಕಡೆ ಹೋದಾಗ ಪವರ್‌ಬ್ಯಾಂಕ್ ಮನೆಯಲ್ಲೇ ಬಿಡಬಹುದು, ತೂಕ ಕಡಿಮೆಯಾಗುತ್ತದೆ. ಪರದೆಯ ಕೀಲಿನ ಎಡಬದಿ ತುಸು ಸಡಿಲವಿದೆ, ಒಳಗಿನ ಸ್ಕ್ರೂ ಬಿಗಿ ಮಾಡಿದರೆ ಸಾಕೋ, ಕೀಲನ್ನೇ ಬದಲಿಸಬೇಕೋ ಬಿಚ್ಚಿ ನೋಡಬೇಕು. ಕೈಲ್‌ಪೊಳ್ದಿಗೆ (ಕೊಡವರ ಆಯುಧ ಹಬ್ಬಕ್ಕೆ) ಮೊದಲು ಎರಡನ್ನೂ ಮುಗಿಸುತ್ತೇನೆ, ಕೊಯ್ಲು ಶುರುವಾದರೆ ಪುರುಸೊತ್ತು ಸಿಗದು.